ಏಳು ಸ್ಥಾನ ಗೆದ್ದ ಪಿಂಚಣಿದಾರರ ಪಕ್ಷ ಮೂರೇ ವರ್ಷದಲ್ಲಿ ಎಲ್ಲಿ ಹೋಯಿತು?

ಪ್ರಶ್ನೆ: ನಾನು ನಿವೃತ್ತ ಲೆಕ್ಕಪರಿಶೋಧಕ. ಇಸ್ರೇಲ್‌ನಲ್ಲಿ 2006ರಲ್ಲಿ ಪಿಂಚಣಿದಾರರದೇ ಒಂದು ಪಕ್ಷ 7 ಸ್ಥಾನ ಗೆದ್ದು, ಸರ್ಕಾರಕ್ಕೂ ಸೇರಿ, 2009ರಲ್ಲಿ ಒಂದು ಸ್ಥಾನವೂ ಇಲ್ಲದೆ ಹೋಯಿತೆಂದು ಓದಿದೆ. ವಯಸ್ಸಾದವರ ಸಂಖ್ಯೆ ಏರುತ್ತಲೇ ಇದೆ, ಮತಗಟ್ಟೆಗೆ ತಪ್ಪದೆ ಹೋಗುವವರೂ ಅವರೇ. ಲೆಕ್ಕದ ಪ್ರಕಾರ ಇಂಥ ಪಕ್ಷ ಬೆಳೆಯುತ್ತಾ ಹೋಗಬೇಕು. ಯಾಕೆ ಹಾಗಾಗುವುದಿಲ್ಲ? ಹತ್ತು ಜನ ಸಂಸದರೂ ಇಲ್ಲದ ಪಕ್ಷದಿಂದ ಪಿಂಚಣಿದಾರರಿಗೆ ನಿಜಕ್ಕೂ ಏನಾದರೂ ಸಿಕ್ಕಿದ ಉದಾಹರಣೆ ಇದೆಯೇ?

ಉತ್ತರ: ಎರಡನೆಯ ಪ್ರಶ್ನೆಗೆ ಮೊದಲು ಉತ್ತರಿಸಿಬಿಡುತ್ತೇನೆ. ಇದೆ, ಕ್ರೊಯೇಷಿಯಾದಲ್ಲಿ. ವಿವರಕ್ಕೆ ಆಮೇಲೆ ಬರೋಣ. ಮೊದಲ ಪ್ರಶ್ನೆಯಲ್ಲಿ ಮಾತ್ರ ಒಂದು ಲೆಕ್ಕ ತಪ್ಪಿದೆ. ಲೆಕ್ಕಪರಿಶೋಧಕರಿಗೆ ಹೇಳಲು ಸಂಕೋಚ. ನೀವು ಎಣಿಸಿದ್ದು ತಲೆಗಳನ್ನು. ಸಂಸತ್ತಿನಲ್ಲಿ ಸಣ್ಣ ಪಕ್ಷಕ್ಕೆ ಬೆಲೆ ಬರುವುದು ತನ್ನ ಹಿಂದಿರುವ ತಲೆಗಳಿಂದ ಅಷ್ಟಾಗಿ ಅಲ್ಲ, ಬೇರೆಯವರಿಗೆ ಎಷ್ಟು ತಲೆ ಕಡಿಮೆ ಬಿದ್ದಿದೆ ಎಂಬುದರಿಂದ. ಇಸ್ರೇಲಿನ ಕಥೆ ಪೂರ್ತಿ ಇದೇ.

ಅಲ್ಲಿ ಮತ ಹಾಕುವ ಕ್ರಮವನ್ನು ಸ್ವಲ್ಪ ಹತ್ತಿರದಿಂದ ನೋಡಿ. ಗುಂಡಿ ಒತ್ತುವುದಿಲ್ಲ, ಮುದ್ರೆ ಗುದ್ದುವುದಿಲ್ಲ. ಪರದೆಯ ಹಿಂದೆ ಗೂಡುಗಳಿರುವ ಒಂದು ತಟ್ಟೆ, ಪ್ರತಿ ಗೂಡಿನಲ್ಲೂ ಒಂದೊಂದು ಪಕ್ಷದ ಚೀಟಿಗಳ ಕಟ್ಟು. ಚೀಟಿಯ ಮೇಲೆ ಪಕ್ಷದ ಗುರುತಾಗಿ ಒಂದರಿಂದ ಮೂರು ದೊಡ್ಡ ಹೀಬ್ರೂ ಅಕ್ಷರ. ಬೇಕಾದ ಚೀಟಿ ಎತ್ತಿ ಲಕೋಟೆಯೊಳಗಿಟ್ಟು, ಹೊರಗೆ ಬಂದು ಪೆಟ್ಟಿಗೆಗೆ ಹಾಕಬೇಕು. ಇಡೀ ದೇಶ ಒಂದೇ ಕ್ಷೇತ್ರ. ಮತ ಹೋಗುವುದು ಅಭ್ಯರ್ಥಿಗಲ್ಲ, ಪಕ್ಷದ ಪಟ್ಟಿಗೆ. 2006ರ ಮಾರ್ಚ್ 28ರಂದು 1.85 ಲಕ್ಷಕ್ಕೂ ಹೆಚ್ಚು ಕೈಗಳು ‘ಗಿಲ್’ ಎಂಬ ಪಕ್ಷದ ಗೂಡಿನತ್ತ ಹೋದವು. ಗಿಲ್ ಎಂದರೆ ಹೀಬ್ರೂವಿನಲ್ಲಿ ವಯಸ್ಸು. ಸಂತೋಷ ಎಂದೂ ಅರ್ಥ. ‘ಕ್ನೆಸೆಟ್‌ಗೆ ಇಸ್ರೇಲಿನ ಪಿಂಚಣಿದಾರರು’ (ಕ್ನೆಸೆಟ್ ಎಂದರೆ ಅಲ್ಲಿನ ಸಂಸತ್ತು) ಎಂಬ ಪೂರ್ತಿ ಹೆಸರಿನ ಮೊದಲಕ್ಷರಗಳೂ ಅವೇ. ಹೆಸರಿಟ್ಟವರು ಜಾಣರು. ಚಲಾವಣೆಯಾದ ಮತದಲ್ಲಿ ಶೇ. 5.9 ಸಿಕ್ಕಿತು. ಆಗ ಅಲ್ಲಿ ಕ್ನೆಸೆಟ್ ಪ್ರವೇಶಕ್ಕೆ ಬೇಕಿದ್ದ ಕನಿಷ್ಠ ಮತ ಶೇ. 2. ಕೆಲವೇ ವಾರಗಳ ಹಿಂದೆ ಸಮೀಕ್ಷೆಗಳು ಲೆಕ್ಕಕ್ಕೂ ಇಟ್ಟುಕೊಳ್ಳದಿದ್ದ ಪಕ್ಷ 7 ಸ್ಥಾನ ಎತ್ತಿಕೊಂಡು ಬಂತು.

ಪಕ್ಷದ ನಾಯಕ ರಫಿ ಐತಾನ್‌ಗೆ ಆಗ 79. 1960ರಲ್ಲಿ ಬ್ಯೂನಸ್ ಐರಿಸ್‌ನಲ್ಲಿ ನಾಜಿ ಅಧಿಕಾರಿ ಅಡಾಲ್ಫ್ ಐಖ್‌ಮನ್‌ನನ್ನು ಹಿಡಿದು ತಂದ ಮೊಸಾದ್ ಕಾರ್ಯಾಚರಣೆಯ ಮುಂದಾಳು ಇವರೇ. ಗೂಢಚಾರನಾಗಿ ಬದುಕು ಸವೆಸಿದವರು ಪಿಂಚಣಿ, ಔಷಧಿ ಖರ್ಚು ಎಂದು ಮತ ಕೇಳುವುದು ಜನಕ್ಕೆ ಸ್ವಾರಸ್ಯವಾಗಿ ಕಂಡಿತು. ಈಗ ನಿಮ್ಮ ಪ್ರಶ್ನೆಗೆ ಬಹಳ ಮುಖ್ಯವಾದ ಸಂಗತಿ: ಗಿಲ್‌ಗೆ ಮತ ಹಾಕಿದವರಲ್ಲಿ ಎಷ್ಟೋ ಮಂದಿ ಪಿಂಚಣಿದಾರರೇ ಆಗಿರಲಿಲ್ಲ. ಟೆಲ್ ಅವೀವ್‌ನ ಹುಡುಗ ಹುಡುಗಿಯರು ‘ನಮ್ಮ ಮತ ಅಜ್ಜಿಗೆ’ ಎಂಬ ಧಾಟಿಯಲ್ಲಿ ಆ ಚೀಟಿ ಎತ್ತಿದ್ದರು. ದೊಡ್ಡ ಪಕ್ಷಗಳ ಬಗ್ಗೆ ಬೇಸರ. ಯಾರಿಗೂ ಮತ ಹಾಕದಿರಲು ಮನಸ್ಸಿಲ್ಲ. ಅಂಥವರಿಗೆ ಅಜ್ಜ ಅಜ್ಜಿಯರ ಪಕ್ಷಕ್ಕಿಂತ ನಿರಪಾಯದ ಚೀಟಿ ಬೇರೆ ಯಾವುದು ಸಿಕ್ಕೀತು? ಆ ಚುನಾವಣೆಯಲ್ಲಿ ಮತದಾನವಾದದ್ದೇ ಶೇ. 63ರ ಆಸುಪಾಸು, ಅಲ್ಲಿಯವರೆಗಿನ ಅತಿ ಕಡಿಮೆ. ಬೇಸರದ ಮತ ನೆಂಟನಿದ್ದಂತೆ, ಒಂದೆರಡು ದಿನ ಇದ್ದು ಹೊರಡುತ್ತದೆ.

ಸರ್ಕಾರ ರಚನೆಯ ಲೆಕ್ಕ ನೋಡಿ, ನಿಮಗೆ ಇಷ್ಟವಾಗುತ್ತದೆ. ಕ್ನೆಸೆಟ್‌ನಲ್ಲಿ 120 ಸ್ಥಾನ. ಪ್ರಧಾನಿಯಾಗಲಿದ್ದ ಎಹೂದ್ ಓಲ್ಮರ್ಟ್ ಅವರ ಕದೀಮಾ ಪಕ್ಷಕ್ಕೆ 29, ಲೇಬರ್‌ಗೆ 19, ಶಾಸ್‌ಗೆ 12. ಮೂರೂ ಸೇರಿ 60. ಸರಿಯಾಗಿ ಅರ್ಧ, ಬಹುಮತಕ್ಕೆ ಒಂದು ಕಡಿಮೆ. ಗಿಲ್‌ನ 7 ಸೇರಿದರೆ 67. ಮೂಗು ಹಿಡಿದರೆ ಬಾಯಿ ತೆರೆಯಲೇಬೇಕು ಅನ್ನುತ್ತೇವಲ್ಲ, 2006ರ ಮೇ ತಿಂಗಳಲ್ಲಿ ಆ ಮೂಗು ಗಿಲ್‌ನ ಕೈಯಲ್ಲಿತ್ತು. ಪಿಂಚಣಿದಾರರ ವ್ಯವಹಾರಕ್ಕೆ ಪ್ರತ್ಯೇಕ ಸಚಿವಸ್ಥಾನ ಸೃಷ್ಟಿಯಾಗಿ ಐತಾನ್ ಸಚಿವರಾದರು. ಆರೋಗ್ಯ ಖಾತೆಯೂ ಪಕ್ಷದ ಪಾಲಿಗೆ ಬಂತು. ಅದೇ ಅಕ್ಟೋಬರ್‌ನಲ್ಲಿ 11 ಸ್ಥಾನಗಳ ಇಸ್ರೇಲ್ ಬೈತೇನು ಪಕ್ಷ ಸರ್ಕಾರಕ್ಕೆ ಸೇರಿತು. ಒಟ್ಟು 78. ಈಗ ಗಿಲ್ ಎದ್ದು ಹೋದರೂ ಉಳಿಯುವುದು 71. ಪಕ್ಷದ ಸ್ಥಾನ 7 ಇದ್ದದ್ದು 7 ಆಗಿಯೇ ಇತ್ತು, ಅದರ ಬೆಲೆ ಮಾತ್ರ ಒಂದೇ ದಿನದಲ್ಲಿ ಕುಸಿಯಿತು. 2008ರ ಜನವರಿಯಲ್ಲಿ ಆ 11 ಮಂದಿ ಹೊರಗೆ ಹೋದಾಗ ಬೆಲೆ ಮತ್ತೆ ಏರಿತು. ಆದರೆ ಅದೇ ವರ್ಷ ಏಳರಲ್ಲಿ ಮೂವರು ಪಕ್ಷ ಬಿಟ್ಟು ಬೇರೆ ಗುಂಪು ಕಟ್ಟಿಕೊಂಡರು. ಮೂಗು ಹಿಡಿಯಬೇಕಿದ್ದ ಕೈಯ ಬೆರಳುಗಳೇ ಬೇರೆಯಾದವು.

2009ರ ಫೆಬ್ರವರಿ ಚುನಾವಣೆಯ ಹೊತ್ತಿಗೆ ಗಾಜಾ ಯುದ್ಧ ಮುಗಿದು ಕೆಲವೇ ವಾರ. ಭದ್ರತೆಯ ಮಾತು ಬಿಟ್ಟರೆ ಬೇರೆ ಯಾವುದಕ್ಕೂ ಕಿವಿಗಳಿರಲಿಲ್ಲ. ಗಿಲ್‌ಗೆ ಬಿದ್ದದ್ದು 17,500 ಚಿಲ್ಲರೆ ಮತ, ಶೇ. 0.52. ಹತ್ತರಲ್ಲಿ ಒಂಬತ್ತು ಮತ ಮಾಯ. ಇದರಿಂದ ಪಿಂಚಣಿದಾರರು ಪಕ್ಷವನ್ನು ಕೈಬಿಟ್ಟರು ಎಂದು ಬರೆದವರಿದ್ದಾರೆ. ನನ್ನ ಪ್ರಕಾರ ಅವರಲ್ಲಿ ಬಹುಪಾಲು ಮಂದಿ ಕೈ ಹಿಡಿದೇ ಇರಲಿಲ್ಲ.

ಯಾಕೆಂದರೆ ಹಿರಿಯ ಮತದಾರನಷ್ಟು ಗಟ್ಟಿ ಮತದಾರ ಇನ್ನೊಬ್ಬನಿಲ್ಲ, ಅದೂ ತನ್ನ ಹಳೆಯ ಪಕ್ಷಕ್ಕೆ. ಎಪ್ಪತ್ತು ದಾಟಿದವರು ಹನ್ನೆರಡೋ ಹದಿನೈದೋ ಸಾರ್ವತ್ರಿಕ ಚುನಾವಣೆ ಕಂಡಿರುತ್ತಾರೆ. ಒಂದೇ ಗುರುತಿಗೆ ಅಷ್ಟು ಸಲ ಮತ ಹಾಕಿದ ಮೇಲೆ ಅದು ಅಭಿಪ್ರಾಯವಾಗಿ ಉಳಿದಿರುವುದಿಲ್ಲ, ಮನೆತನದಂತೆ ಆಗಿರುತ್ತದೆ. ಪಿಂಚಣಿ ಏರಲಿಲ್ಲವೆಂದು ಬೈಯುತ್ತಾರೆ, ಅರ್ಜಿ ಬರೆಯುತ್ತಾರೆ, ಮೆರವಣಿಗೆಗೂ ಬರುತ್ತಾರೆ. ಮತಗಟ್ಟೆಯ ಒಳಗೆ ಹೋದಾಗ ಕೈ ಹಳೆಯ ಜಾಗಕ್ಕೇ ಹೋಗುತ್ತದೆ. ಹೊಸ ಪಕ್ಷಕ್ಕೆ ಸಲೀಸಾಗಿ ಜಿಗಿಯುವವರು ಇಪ್ಪತ್ತೈದರ ಹರೆಯದವರು, ಅವರಿಗೆ ಪಿಂಚಣಿಯ ಚಿಂತೆಯಿಲ್ಲ. ಪಿಂಚಣಿದಾರರ ಪಕ್ಷಗಳೆಲ್ಲ ಸಿಕ್ಕಿಕೊಂಡಿರುವ ಇಕ್ಕಟ್ಟು ಇದು: ಯಾರಿಗಾಗಿ ಪಕ್ಷವೋ ಅವರು ಕದಲುವುದಿಲ್ಲ, ಕದಲುವವರು ಪಕ್ಷದವರಲ್ಲ.

ಇನ್ನೊಂದು ಕಷ್ಟ ಪಿಂಚಣಿ ಎಂಬ ಪದದಲ್ಲೇ ಇದೆ. ದುಡಿಮೆಯ ಉದ್ದಕ್ಕೂ ವಂತಿಗೆ ಕಟ್ಟಿ ಕೈತುಂಬ ಪಡೆಯುವವರೂ ಪಿಂಚಣಿದಾರರೇ, ಸರ್ಕಾರ ಕೊಡುವ ಕನಿಷ್ಠ ಮೊತ್ತದಲ್ಲಿ ತಿಂಗಳು ದೂಡುವ ವಿಧವೆಯೂ ಪಿಂಚಣಿದಾರಳೇ. ಎಲ್ಲರಿಗೂ ಶೇಕಡಾವಾರು ಏರಿಕೆ ಕೊಟ್ಟರೆ ಮೊದಲನೆಯವರಿಗೆ ಹೆಚ್ಚು. ಎಲ್ಲರಿಗೂ ಸಮನಾದ ಮೊತ್ತ ಕೊಟ್ಟರೆ ಎರಡನೆಯವರಿಗೆ ಲಾಭ. ಒಂದೇ ಪಕ್ಷ ಎರಡನ್ನೂ ಕೇಳಲಾರದು. ನಿವೃತ್ತಿ ವಯಸ್ಸಿನ ವಿಷಯ ಇನ್ನೂ ವಿಚಿತ್ರ. ಅದನ್ನು ಏರಿಸಿದರೆ ಈಗಾಗಲೇ ನಿವೃತ್ತರಾದವರಿಗೆ ಒಂದು ಕಾಸೂ ನಷ್ಟವಿಲ್ಲ. ಬೊಕ್ಕಸ ಹಗುರಾಗಿ ಅವರ ಪಿಂಚಣಿ ಇನ್ನಷ್ಟು ಭದ್ರವಾಗಲೂಬಹುದು. ಆದರೂ ಪಿಂಚಣಿದಾರರ ಪಕ್ಷಗಳು ನಿವೃತ್ತಿ ವಯಸ್ಸಿನ ಏರಿಕೆಯನ್ನು ವಿರೋಧಿಸುತ್ತಲೇ ಬಂದಿವೆ. ನಿವೃತ್ತಿಗೆ ಹತ್ತಿರವಿರುವ ಐವತ್ತೈದರವರ ಮತವೂ ಬೇಕಲ್ಲ!

ನೆದರ್ಲೆಂಡ್ಸ್ ಇಂಥ ಪಕ್ಷಗಳ ಪ್ರಯೋಗಶಾಲೆ. ಅಲ್ಲಿ ಕೆಳಮನೆಗೆ 150 ಸ್ಥಾನ, ಇಂತಿಷ್ಟು ಕನಿಷ್ಠ ಮತ ಬೇಕೆಂಬ ಪ್ರತ್ಯೇಕ ಮತಮಿತಿ ಇಲ್ಲ. ಒಂದು ಸ್ಥಾನದ ಪಾಲು, ಅಂದರೆ ಶೇ. 0.67 ಮತ ಬಂದರೆ ಸಾಕು, ಒಳಗೆ. 1994ರ ಚುನಾವಣೆಗೆ ಮುಂಚೆ ಆಡಳಿತದಲ್ಲಿದ್ದ ಕ್ರಿಶ್ಚಿಯನ್ ಡೆಮಾಕ್ರಟರು ವೃದ್ಧಾಪ್ಯ ಪಿಂಚಣಿಯನ್ನು ಏರಿಸದೆ ಇದ್ದಲ್ಲೇ ನಿಲ್ಲಿಸುವ ಮಾತಾಡಿದರು. ನಿಲ್ಲಿಸುವುದೆಂದರೆ, ಬೆಲೆಗಳು ನಿಲ್ಲದಿರುವಾಗ, ಕಡಿತವೇ. 1993ರ ಡಿಸೆಂಬರ್‌ನಲ್ಲಿ ಹುಟ್ಟಿದ ‘ಹಿರಿಯರ ಸಾಮಾನ್ಯ ಒಕ್ಕೂಟ’ ಐದೇ ತಿಂಗಳಲ್ಲಿ 6 ಸ್ಥಾನ ಗೆದ್ದಿತು, ‘ಯೂನಿ 55+’ ಎಂಬ ಇನ್ನೊಂದು ಪಕ್ಷ 1. ಕ್ರಿಶ್ಚಿಯನ್ ಡೆಮಾಕ್ರಟರು 54ರಿಂದ 34ಕ್ಕೆ ಜಾರಿದರು. ಆ 20 ಸ್ಥಾನಗಳ ನಷ್ಟಕ್ಕೆ ಕಾರಣ ಹಲವು, ಆದರೆ ಪಿಂಚಣಿಯ ಮೇಲೆ ಕೈಯಿಟ್ಟರೆ ಏನಾಗುತ್ತದೆ ಎಂಬುದನ್ನು ಆ ದೇಶದ ಯಾವ ಪಕ್ಷವೂ ಆಮೇಲೆ ಮರೆಯಲಿಲ್ಲ.

ಗೆದ್ದ ಆರು ಮಂದಿಯ ಕಥೆ? ಎತ್ತು ಏರಿಗೆ, ಕೋಣ ನೀರಿಗೆ. ವರ್ಷ ತುಂಬುವುದರೊಳಗೆ ಜಗಳ, ಉಚ್ಚಾಟನೆ, ಬೇರೆ ಬೇರೆ ಗುಂಪು. 1998ರಲ್ಲಿ ಎರಡೂ ಪಕ್ಷ ಸೊನ್ನೆ. ಇದನ್ನು ವ್ಯಕ್ತಿಗಳ ದೋಷ ಎನ್ನುವುದು ಸುಲಭ. ನನಗೆ ಕಾಣುವುದು ಬೇರೆ. ಐದು ತಿಂಗಳ ಪಕ್ಷಕ್ಕೆ ಕಾರ್ಯಕರ್ತರಿಲ್ಲ, ಶಾಖೆಗಳಿಲ್ಲ, ಸಂಸದನ ಕಿವಿ ಹಿಂಡುವ ಹಿರಿಯರೂ ಇಲ್ಲ, ಎಲ್ಲರೂ ಹಿರಿಯರೇ! ನಲವತ್ತು ವರ್ಷ ಒಂದೊಂದು ಕಚೇರಿಯಲ್ಲಿ, ಸಂಘದಲ್ಲಿ ತಾವೇ ಹೇಳಿ ನಡೆಸಿಕೊಂಡು ಬಂದವರು ಒಂದೇ ಮೇಜಿಗೆ ಬಂದು ಕೂತರೆ ಇನ್ನೊಬ್ಬರ ಮಾತಿಗೆ ಕೈ ಎತ್ತುವುದು ಸುಲಭವಲ್ಲ. ದೊಡ್ಡ ಪಕ್ಷದಲ್ಲಿ ಸಂಸದನನ್ನು ಶಿಸ್ತಿನಲ್ಲಿಡುವುದು ಮುಂದಿನ ಟಿಕೆಟಿನ ಆಸೆ. ಎಪ್ಪತ್ತಾರರ ಸಂಸದನಿಗೆ ಮುಂದಿನ ಟಿಕೆಟ್ ತೋರಿಸಿ ಹೆದರಿಸುವುದು ಹೇಗೆ?

ಅದೇ ದೇಶದಲ್ಲಿ 2009ರಲ್ಲಿ ‘50ಪ್ಲಸ್’ ಎಂಬ ಇನ್ನೊಂದು ಪಕ್ಷ ಬಂತು. 2012ರಲ್ಲಿ 2 ಸ್ಥಾನ, 2017ರಲ್ಲಿ 4. ನಡುವೆ, 2013ರಲ್ಲಿ, ನಾಯಕ ಹೆಂಕ್ ಕ್ರೋಲ್ ರಾಜೀನಾಮೆ ಕೊಡಬೇಕಾಯಿತು. ಕಾರಣ: ಹಿಂದೆ ತಾವು ನಡೆಸುತ್ತಿದ್ದ ಪತ್ರಿಕಾ ಸಂಸ್ಥೆಯಲ್ಲಿ ನೌಕರರ ಪಿಂಚಣಿ ವಂತಿಗೆಯನ್ನು ಕಟ್ಟಿರಲಿಲ್ಲ ಎಂದು ದಿನಪತ್ರಿಕೆಯೊಂದು ಬಯಲು ಮಾಡಿತು. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ. ಮರುವರ್ಷ ಅವರು ಮರಳಿ ಬಂದರು, 2020ರಲ್ಲಿ ಪಕ್ಷವನ್ನೇ ಬಿಟ್ಟರು. 2021ರಲ್ಲಿ ಗೆದ್ದದ್ದು ಒಂದೇ ಸ್ಥಾನ. ಗೆದ್ದವರು ಎರಡೇ ತಿಂಗಳಲ್ಲಿ ಪಕ್ಷ ಬಿಟ್ಟು ಸ್ಥಾನವನ್ನು ತಮ್ಮಲ್ಲೇ ಉಳಿಸಿಕೊಂಡರು. 2023ರಲ್ಲಿ ಸೊನ್ನೆ, 2025ರಲ್ಲಿ ಮತ್ತೆ 2. ಮತಮಿತಿ ಕಡಿಮೆ ಇರುವ ಕಡೆ ಇಂಥ ಪಕ್ಷ ಸಾಯುವುದೂ ಇಲ್ಲ, ಬೆಳೆಯುವುದೂ ಇಲ್ಲ. ಮಳೆ ನೋಡಿಕೊಂಡು ಚಿಗುರುತ್ತದೆ.

ಹಾಗಾದರೆ ಗಟ್ಟಿಯಾಗಿ ನಿಂತ ಪಕ್ಷವೇ ಇಲ್ಲವೇ ಎಂದರೆ, ಇತ್ತು. ಸ್ಲೊವೇನಿಯಾದ ‘ದೆಸುಸ್’, ಅಂದರೆ ಪಿಂಚಣಿದಾರರ ಡೆಮಾಕ್ರಟಿಕ್ ಪಕ್ಷ. 1991ರಲ್ಲಿ ಹುಟ್ಟಿ, 1996ರಲ್ಲಿ ಸ್ವಂತ ಬಲದಲ್ಲಿ 5 ಸ್ಥಾನ ಗೆದ್ದು, 2022ರವರೆಗೆ ಸಂಸತ್ತು ಬಿಟ್ಟು ಹೋಗಲಿಲ್ಲ. 90 ಸ್ಥಾನಗಳ ಸದನದಲ್ಲಿ ಆಮೇಲೆ 4, 4, 7, 6 ಹೀಗೆ ನಡೆದು 2014ರಲ್ಲಿ ಶೇ. 10 ಮತದೊಂದಿಗೆ 10 ಸ್ಥಾನ. ಎಡಪಂಥದ ಸರ್ಕಾರ ಬಂದರೂ ಒಳಗೆ, ಬಲಪಂಥದ್ದು ಬಂದರೂ ಒಳಗೆ. ದೀರ್ಘಕಾಲ ಅಧ್ಯಕ್ಷರಾಗಿದ್ದ ಕಾರ್ಲ್ ಎರ್ಯಾವೆಟ್ಸ್ ರಕ್ಷಣಾ ಸಚಿವರಾದರು, ಪರಿಸರ ಸಚಿವರಾದರು, ವಿದೇಶಾಂಗ ಸಚಿವರಾದರು, ಮತ್ತೆ ರಕ್ಷಣಾ ಸಚಿವರಾದರು. ಪಿಂಚಣಿದಾರರ ಪಕ್ಷದ ನಾಯಕರಿಗೆ ಸೈನ್ಯ, ರಾಯಭಾರ ಕಚೇರಿಗಳ ಮೇಲೆ ಅಷ್ಟು ಮಮತೆ ಯಾಕೆ ಎಂದು ಕೇಳಿದರೆ ತಪ್ಪೇನಿಲ್ಲ.

ಆ ಪಕ್ಷದ ನಿಜವಾದ ಶಕ್ತಿ ಎಷ್ಟಿತ್ತು, ಎಷ್ಟಿರಲಿಲ್ಲ ಎಂಬುದು ಒಂದೂವರೆ ವರ್ಷದ ಒಂದು ಘಟನೆಯಲ್ಲಿ ಚೆನ್ನಾಗಿ ಕಾಣುತ್ತದೆ. ಬೊರುಟ್ ಪಾಹೊರ್ ಅವರ ಸರ್ಕಾರ ನಿವೃತ್ತಿ ವಯಸ್ಸನ್ನು 65ಕ್ಕೆ ಏರಿಸುವ ಪಿಂಚಣಿ ಸುಧಾರಣೆ ತಂದಿತು. ದೆಸುಸ್ ಒಪ್ಪಲಿಲ್ಲ; 2011ರ ಮೇ ತಿಂಗಳಲ್ಲಿ ಸರ್ಕಾರದಿಂದ ಹೊರಬಂತು. ಜೂನ್ ಮೊದಲ ವಾರ ಜನಮತಗಣನೆ ನಡೆದು ಶೇ. 70ಕ್ಕೂ ಹೆಚ್ಚು ಜನ ಸುಧಾರಣೆಯನ್ನು ತಿರಸ್ಕರಿಸಿದರು. ಪಕ್ಷಕ್ಕೆ ಅದಕ್ಕಿಂತ ದೊಡ್ಡ ಗೆಲುವು ಬೇಕೇ? 2012ರ ಆರಂಭದಲ್ಲಿ ಯಾನೆಜ್ ಯಾನ್ಶಾ ಅವರ ಹೊಸ ಸರ್ಕಾರ ಬಂತು, ದೆಸುಸ್ ಅದರ ಒಳಗೆ. ಅದೇ ವರ್ಷ ಡಿಸೆಂಬರ್‌ನಲ್ಲಿ, ಕಾರ್ಮಿಕ ಸಂಘಗಳೊಂದಿಗೆ ಕೂತು ಕೆಲವು ಅಂಚುಗಳನ್ನು ಮೆದುಗೊಳಿಸಿದ ಇನ್ನೊಂದು ಪಿಂಚಣಿ ಕಾಯಿದೆ ಒಂದೂ ವಿರೋಧ ಮತವಿಲ್ಲದೆ ಅಂಗೀಕಾರವಾಯಿತು. ನಿವೃತ್ತಿ ವಯಸ್ಸು? 65.

ಇದನ್ನು ದ್ರೋಹ ಎಂದು ಕರೆದವರಿದ್ದಾರೆ. ನಾನು ಹಾಗೆ ಕರೆಯಲಾರೆ. ಬಜೆಟ್ಟಿನ ಮೇಲೆ ಮತ ಹಾಕಬೇಕಾದ ದಿನ ಪಿಂಚಣಿದಾರರ ಪಕ್ಷವೂ ಬೊಕ್ಕಸದ ಕಡೆ ನೋಡಲೇಬೇಕು. ಬೊಕ್ಕಸ ಬರಿದಾದರೆ ಮೊದಲ ಪೆಟ್ಟು ಬೀಳುವುದು ಪಿಂಚಣಿಗೇ. ಆದರೆ ಅದರ ಬೆಲೆ ತೆರಲೇಬೇಕು. ವಿರೋಧದಲ್ಲಿದ್ದಾಗ ‘ಮುಟ್ಟಲು ಬಿಡುವುದಿಲ್ಲ’, ಒಳಗಿದ್ದಾಗ ‘ಇಷ್ಟಾದರೂ ಉಳಿಸಿದೆವು’ ಎನ್ನುವ ಪಕ್ಷ ಎರಡನೆಯ ಮಾತನ್ನು ಎಷ್ಟು ಸಲ ಆಡಬಹುದು? 2018ರಲ್ಲಿ 5 ಸ್ಥಾನಕ್ಕೆ ಇಳಿಯಿತು. 2020ರಲ್ಲಿ ನಾಯಕತ್ವದ ಕಿತ್ತಾಟ: ಜನವರಿಯಲ್ಲಿ ಹೊಸ ಅಧ್ಯಕ್ಷೆ, ಸೆಪ್ಟೆಂಬರ್‌ನಲ್ಲಿ ಅವರ ನಿರ್ಗಮನ. 2022ರಲ್ಲಿ ಒಳಗೆ ಬರಲು ಬೇಕಿದ್ದದ್ದು ಶೇ. 4, ಪಕ್ಷ ಶೇ. 1 ಕೂಡ ದಾಟಲಿಲ್ಲ.

ಈಗ ಕ್ರೊಯೇಷಿಯಾ. ಇಲ್ಲಿ ಪಿಂಚಣಿದಾರರ ಕೈಯಲ್ಲಿ ಬೇಡಿಕೆಪಟ್ಟಿ ಇರಲಿಲ್ಲ, ಸಾಲಪತ್ರವೇ ಇತ್ತು. 1990ರ ದಶಕದಲ್ಲಿ ಅಲ್ಲಿನ ಸರ್ಕಾರ ಕಾನೂನಿನ ಪ್ರಕಾರ ಏರಿಸಬೇಕಿದ್ದಷ್ಟು ಪಿಂಚಣಿ ಏರಿಸಿರಲಿಲ್ಲ. 1998ರಲ್ಲಿ ಸಂವಿಧಾನ ನ್ಯಾಯಾಲಯ ಅದು ತಪ್ಪೆಂದು ತೀರ್ಪಿತ್ತಿತು. ತೀರ್ಪು ಬಂತು, ದುಡ್ಡು ಬರಲಿಲ್ಲ. ‘ಪಿಂಚಣಿದಾರರ ಬಾಕಿ’ ಎಂದೇ ಅದಕ್ಕೆ ಹೆಸರು ಬಿತ್ತು. ಎಡ ಸರ್ಕಾರವಿರಲಿ ಬಲ ಸರ್ಕಾರವಿರಲಿ, ನೋಡೋಣ ಮಾಡೋಣ ಎಂದೇ ವರ್ಷ ಕಳೆದವು. 2003ರ ಚುನಾವಣೆಯಲ್ಲಿ ಅಲ್ಲಿನ ಪಿಂಚಣಿದಾರರ ಪಕ್ಷ 3 ಸ್ಥಾನ ಗೆದ್ದಿತು. ಮೂರೇ ಮೂರು. ಅತಿ ದೊಡ್ಡ ಪಕ್ಷದ ನಾಯಕ ಇವೊ ಸನಾದರ್ ಅವರಿಗೆ ಸರ್ಕಾರ ರಚಿಸಲು ಸ್ವಂತ ಬಹುಮತವಿರಲಿಲ್ಲ. ಪಕ್ಷ ಮಂತ್ರಿಗಿರಿ ಕೇಳಲಿಲ್ಲ. ಬಾಕಿ ತೀರಿಸುವ ಒಪ್ಪಂದಕ್ಕೆ ಸಹಿ ಹಾಕಿಸಿಕೊಂಡು ಹೊರಗಿನಿಂದ ಬೆಂಬಲ ಕೊಟ್ಟಿತು. ಅದಕ್ಕೆಂದೇ ಒಂದು ನಿಧಿ ಸ್ಥಾಪನೆಯಾಗಿ 2006ರಲ್ಲಿ ಪಾವತಿ ಶುರುವಾಯಿತು.

ಪಾವತಿಯ ಕ್ರಮದಲ್ಲಿ ಎರಡು ದಾರಿ ಇಟ್ಟಿದ್ದರು. ಬೇಗ ಬೇಕೆನ್ನುವವರಿಗೆ ಬಾಕಿಯ ಅರ್ಧ, ಎರಡು ವರ್ಷದಲ್ಲಿ. ಪೂರ್ತಿ ಬೇಕೆನ್ನುವವರಿಗೆ ಪೂರ್ತಿ, ಆದರೆ ಆರು ವರ್ಷದ ಕಂತುಗಳಲ್ಲಿ. ಎಪ್ಪತ್ತೆಂಟರ ಒಬ್ಬರು ಆ ಅರ್ಜಿಯನ್ನು ಮುಂದಿಟ್ಟುಕೊಂಡು ಕೂತಿರುವುದನ್ನು ಊಹಿಸಿಕೊಳ್ಳಿ. ಯಾವ ಚೌಕಕ್ಕೆ ಗುರುತು ಹಾಕುವುದು ಎಂಬುದು ಹಣದ ಲೆಕ್ಕವಲ್ಲ, ಆಯುಸ್ಸಿನ ಲೆಕ್ಕ. ಹೆಚ್ಚಿನವರು ಅರ್ಧವನ್ನೇ ಆರಿಸಿಕೊಂಡರು. ಸರ್ಕಾರದ ಬೊಕ್ಕಸಕ್ಕೆ ಅದರಿಂದ ಎಷ್ಟು ಉಳಿಯಿತು ಎಂದು ನಿಮಗೆ ನಾನು ಹೇಳಬೇಕಿಲ್ಲ. ಆದರೂ ಎಂಟು ವರ್ಷ ಕಾಗದದಲ್ಲೇ ಇದ್ದ ಹಣ ಕೈಗೆ ಬಂದದ್ದು ಆ ಮೂರು ಸ್ಥಾನಗಳ ದೆಸೆಯಿಂದ. 2007ರ ಚುನಾವಣೆಯಲ್ಲಿ ಪಕ್ಷಕ್ಕೆ ಸಿಕ್ಕ ಸ್ಥಾನ ಒಂದು. ಬಾಕಿ ಬಂದ ಮೇಲೆ ವಸೂಲಿಗಾರನ ನೆನಪು ಯಾರಿಗಿರುತ್ತದೆ?

ಸ್ಥಾನವೇ ಇಲ್ಲದೆ ತೂಗಿದ ಪಕ್ಷವೂ ಉಂಟು. 2006ರಲ್ಲಿ ಇಟಲಿಯ ಕೆಳಮನೆ ಚುನಾವಣೆಯಲ್ಲಿ ರೊಮಾನೊ ಪ್ರೋದಿ ಅವರ ಮೈತ್ರಿಕೂಟ ಆಗಿನ ಪ್ರಧಾನಿ ಬರ್ಲುಸ್ಕೋನಿ ಅವರ ಕೂಟಕ್ಕಿಂತ ಹೆಚ್ಚು ಪಡೆದದ್ದು 24,755 ಮತ ಮಾತ್ರ. ಅಲ್ಲಿನ ಆಗಿನ ಕಾನೂನಿನಂತೆ ಮುಂದಿದ್ದ ಕೂಟಕ್ಕೆ ಬಹುಮತದ ಸ್ಥಾನಗಳು ತಾವಾಗಿಯೇ ಸಿಗುತ್ತಿದ್ದವು. ಪ್ರೋದಿ ಕೂಟದಲ್ಲಿದ್ದ ಪಿಂಚಣಿದಾರರ ಪಕ್ಷ ತಂದದ್ದು ಮೂರು ಲಕ್ಷಕ್ಕೂ ಹೆಚ್ಚು ಮತ, ಶೇ. 0.9ರಷ್ಟು. ಆ ಪಕ್ಷಕ್ಕೆ ಒಂದು ಸ್ಥಾನವೂ ಬರಲಿಲ್ಲ. ಕೆಲವೇ ತಿಂಗಳಲ್ಲಿ ಅದು ಬರ್ಲುಸ್ಕೋನಿ ಕಡೆಗೆ ಹೊರಟುಹೋಯಿತು. ದುಡಿಸಿಕೊಂಡು ಕೂಲಿ ಕೊಡದಿದ್ದರೆ ಆಳು ಬೇರೆ ಮನೆ ನೋಡಿಕೊಳ್ಳುತ್ತಾನೆ, ಅಷ್ಟೇ.

ಬ್ರಿಟನ್ನಿನ ಮಾತಾಡದೆ ಈ ಉತ್ತರ ಪೂರ್ತಿಯಾಗದು, ಯಾಕೆಂದರೆ ಅಲ್ಲಿ ಎಲ್ಲವೂ ತಿರುವುಮುರುವು. ಒಂದು ಕ್ಷೇತ್ರಕ್ಕೆ ಒಬ್ಬ ಸದಸ್ಯ, ಹೆಚ್ಚು ಮತ ಬಂದವನು ಗೆದ್ದ ಎಂಬ ಪದ್ಧತಿ. ಇದರಲ್ಲಿ ಒಂದು ಪ್ರದೇಶದಲ್ಲಿ ಒತ್ತಾಗಿರುವ ಮತಕ್ಕೆ ಬೆಲೆ, ಹರಡಿಕೊಂಡ ಮತಕ್ಕೆ ಇಲ್ಲ. ಹಿರಿಯರೋ ಪ್ರತಿ ಬೀದಿಯಲ್ಲೂ ಇದ್ದಾರೆ. ಎಲ್ಲ ಕ್ಷೇತ್ರದಲ್ಲೂ ಶೇ. 6 ಮತ ತೆಗೆದರೂ ಎಲ್ಲ ಕ್ಷೇತ್ರದಲ್ಲೂ ಠೇವಣಿ ಉಳಿಯುತ್ತದೆ, ಅಷ್ಟೇ ಲಾಭ. ಸ್ಕಾಟ್ಲೆಂಡ್‌ನ ಪ್ರಾದೇಶಿಕ ಸಂಸತ್ತಿನಲ್ಲಿ ಮಾತ್ರ ಪಕ್ಷದ ಪಟ್ಟಿಗೂ ಒಂದು ಮತವಿದೆ. ಆ ದಾರಿಯಿಂದ 2003ರಲ್ಲಿ ಹಿರಿಯ ನಾಗರಿಕರ ಪಕ್ಷದ ಜಾನ್ ಸ್ವಿನ್‌ಬರ್ನ್ ಒಂಟಿಯಾಗಿ ಒಳಗೆ ಬಂದರು. ಮದರ್‌ವೆಲ್ ಫುಟ್ಬಾಲ್ ಕ್ಲಬ್ಬಿನಲ್ಲಿ ದೀರ್ಘಕಾಲ ಇದ್ದ, ಎಪ್ಪತ್ತು ದಾಟಿದ ಮನುಷ್ಯ. ನಾಲ್ಕು ವರ್ಷ ಪಿಂಚಣಿಯ ಬಗ್ಗೆ ಮಾತಾಡಿದರು. ತೊಡಕು ಏನೆಂದರೆ ಸರ್ಕಾರಿ ಪಿಂಚಣಿಯ ಮೊತ್ತ ನಿರ್ಧರಿಸುವ ಅಧಿಕಾರ ಆ ಸಂಸತ್ತಿಗೆ ಇರಲೇ ಇಲ್ಲ. ಅದು ಲಂಡನ್ನಿನ ಕೈಯಲ್ಲಿತ್ತು. ಅಡ್ರೆಸ್ ತಪ್ಪಿದ ಅರ್ಜಿ. 2007ರಲ್ಲಿ ಆ ಒಂದು ಸ್ಥಾನವೂ ಹೋಯಿತು.

ಲಂಡನ್ನಿನ ಸಂಸತ್ತಿನಲ್ಲಿ ನಡೆದದ್ದು ನೋಡಿ. 1980ರಲ್ಲಿ ಥ್ಯಾಚರ್ ಸರ್ಕಾರ ಪಿಂಚಣಿಗೂ ವೇತನ ಏರಿಕೆಗೂ ಇದ್ದ ಕೊಂಡಿಯನ್ನು ಕತ್ತರಿಸಿ, ಬೆಲೆಯೇರಿಕೆಗೆ ಮಾತ್ರ ಕಟ್ಟಿತ್ತು. ಬೆಲೆಗಳು ಅಷ್ಟಾಗಿ ಏರದ ವರ್ಷ ಬಂತು. 2000ದ ಏಪ್ರಿಲ್‌ನಲ್ಲಿ ವಾರದ ಪಿಂಚಣಿ 66.75 ಪೌಂಡಿನಿಂದ 67.50ಕ್ಕೆ ಏರಿತು. ವಾರಕ್ಕೆ 75 ಪೆನ್ಸ್. ಸೂತ್ರದ ಪ್ರಕಾರ ಹಣಕಾಸು ಸಚಿವ ಗೋರ್ಡನ್ ಬ್ರೌನ್ ಮಾಡಿದ ಲೆಕ್ಕ ಸರಿಯಾಗಿಯೇ ಇತ್ತು, ಒಂದು ಪೆನ್ನಿಯೂ ಆಚೀಚೆ ಇಲ್ಲ. ಜನ ಅದನ್ನು ಅವಮಾನ ಎಂದು ತೆಗೆದುಕೊಂಡರು. ಆ ಸೆಪ್ಟೆಂಬರ್‌ನಲ್ಲಿ ಆಗ ಆಡಳಿತದಲ್ಲಿದ್ದ ಲೇಬರ್ ಪಕ್ಷದ ಸಮ್ಮೇಳನದಲ್ಲೇ ನಾಯಕತ್ವದ ನಿಲುವು ಸೋತಿತು. ಕೊಂಡಿ ಮರಳಿ ಬೇಕೆಂದು ಹಟ ಹಿಡಿದವರ ಮುಂದಾಳುಗಳಲ್ಲಿ ಒಬ್ಬರು 1970ರ ದಶಕದಲ್ಲಿ ಅದೇ ಪಕ್ಷದ ಸಚಿವೆಯಾಗಿದ್ದ ಬಾರ್ಬರಾ ಕ್ಯಾಸಲ್; ಆಗ ಅವರಿಗೆ 89. ಮರುವರ್ಷ ಏರಿಕೆ 5 ಪೌಂಡ್. 2010ರಲ್ಲಿ ಬಂದ ಸಮ್ಮಿಶ್ರ ಸರ್ಕಾರ ಇನ್ನೂ ಮುಂದೆ ಹೋಗಿ ‘ಟ್ರಿಪಲ್ ಲಾಕ್’ ತಂದಿತು: ವೇತನ ಏರಿಕೆ, ಬೆಲೆಯೇರಿಕೆ, ಶೇ. 2.5, ಈ ಮೂರರಲ್ಲಿ ಯಾವುದು ಹೆಚ್ಚೋ ಅಷ್ಟು ಪಿಂಚಣಿ ಏರಬೇಕು. ಇದಕ್ಕೆ ಪಿಂಚಣಿದಾರರ ಪಕ್ಷವೇ ಬೇಕಾಗಲಿಲ್ಲ. ಹಿರಿಯರು ತಪ್ಪದೆ ಮತ ಹಾಕುತ್ತಾರೆ ಎಂದು ನೀವು ಬರೆದದ್ದು ದೊಡ್ಡ ಪಕ್ಷಗಳಿಗೆ ನಿಮಗಿಂತ ಮೊದಲೇ ಗೊತ್ತು. ಸಣ್ಣ ಪಕ್ಷದ ಪ್ರಣಾಳಿಕೆಯಲ್ಲಿರುವ ಒಂದೇ ಒಂದು ಸಾಲನ್ನು ಅವರು ಬಜೆಟ್ಟಿನ ಹಿಂದಿನ ರಾತ್ರಿ ನಕಲು ಮಾಡಿಕೊಂಡರೆ ಮುಗಿಯಿತು, ಆ ಪಕ್ಷಕ್ಕೆ ಹೇಳಲು ಮಾತೇ ಉಳಿಯುವುದಿಲ್ಲ.

ಆದ್ದರಿಂದ ಇಂಥ ಪಕ್ಷವನ್ನು ನಾನು ಬೆಳವಣಿಗೆಯಿಂದ ಅಳೆಯುವುದಿಲ್ಲ. ಬೆಳೆಯುವುದು ಅದರ ಕೆಲಸವೇ ಅಲ್ಲ. ಅದು ವಸೂಲಿಗೆ ಬಂದದ್ದು. ಪಕ್ಷ ಕಟ್ಟಲು ಹೊರಟವರು ಸಲಹೆ ಕೇಳಿದರೆ ನಾನು ಮೊದಲು ಕೇಳುವ ಪ್ರಶ್ನೆ, ನಿಮ್ಮ ಪಿಂಚಣಿಯ ಮೊತ್ತ ನಿರ್ಧಾರವಾಗುವುದು ಯಾವ ಸದನದಲ್ಲಿ ಎಂಬುದು. ಆ ಸದನಕ್ಕೆ ಪಟ್ಟಿಯ ಮೂಲಕ ಮತ ಉಂಟೋ ಇಲ್ಲವೋ? ಇಲ್ಲವಾದರೆ ಸಂಘವೇ ಸಾಕು, ಪಕ್ಷ ಬೇಡ. ಉಂಟಾದರೆ, ಬೇಡಿಕೆ ಒಂದೇ ಇರಲಿ, ಅಂಕಿಯಲ್ಲಿ ಬರೆದಿಡುವಂಥದ್ದಾಗಿರಲಿ. ಸರ್ಕಾರ ರಚನೆಯಾಗುವ ಮುಂಚೆಯೇ, ಅವರಿಗೆ ಒಂದು ಮತ ಕಡಿಮೆಯಿರುವಾಗಲೇ, ಸಹಿ ಆಗಲಿ. ಆಮೇಲೆ ಅವರಿಗೆ ಇನ್ನಾರೋ 11 ಮಂದಿ ಸಿಕ್ಕಿಬಿಡುತ್ತಾರೆ.

ಇಸ್ರೇಲಿನ ಕಥೆಯಲ್ಲಿ ಒಂದು ಬಾಲ ಉಳಿದಿದೆ. 2009ರಲ್ಲಿ ಗಿಲ್ ಹೋದರೂ ಅದಕ್ಕಾಗಿ ಹುಟ್ಟಿದ ಖಾತೆ ಹೋಗಲಿಲ್ಲ. ಹಿರಿಯ ನಾಗರಿಕರ ಸಚಿವಾಲಯ ಎಂದು ಹೆಸರು ಬದಲಿಸಿಕೊಂಡು ಮುಂದಿನ ಸರ್ಕಾರದಲ್ಲೂ ಉಳಿಯಿತು. 2015ರಲ್ಲಿ ಸಾಮಾಜಿಕ ಸಮಾನತೆಯ ಸಚಿವಾಲಯವಾಯಿತು. ರಫಿ ಐತಾನ್ 2019ರಲ್ಲಿ, 92ನೇ ವಯಸ್ಸಿನಲ್ಲಿ ತೀರಿಕೊಂಡಾಗಲೂ ಆ ಕಚೇರಿ ನಡೆಯುತ್ತಲೇ ಇತ್ತು.